ತವರಿನ ಕಲ್ಲು

1976ರಲ್ಲಿ ಮದುವೆಯಾಗಿ ಪುಣೆಯ ಶಿವಾಜಿನಗರಕ್ಕೆ ಬಂದಾಗ ಆ ಮನೆಯಲ್ಲಿ ನನಗೆ ಪರಿಚಯ ಇದ್ದದ್ದು ಎರಡೇ: ಒಂದು ಗಂಡ, ಇನ್ನೊಂದು ನೆಲ. ಗಂಡನ ಪರಿಚಯ ಅಷ್ಟಕ್ಕಷ್ಟೆ. ನೆಲದ್ದು ಹಾಗಲ್ಲ. ನಾನು ಹುಟ್ಟಿ ಬೆಳೆದದ್ದು ಶಹಾಬಾದಿನಲ್ಲಿ. ಅಪ್ಪ ಅಲ್ಲಿ ಶಾಲೆಯ ಮಾಸ್ತರರು. ನಮ್ಮೂರಿನ ಹೆಸರು ಹೊತ್ತು ದೇಶ ತಿರುಗಿದ ಕಲ್ಲು ಇಲ್ಲಿ ಪಡಸಾಲೆಯಿಂದ ಬಚ್ಚಲ ತನಕ ಹಾಸಿಕೊಂಡಿತ್ತು. ಪುಣೆಯವರು ಅದನ್ನು ಶಹಾಬಾದಿ ಫರಶಿ ಅನ್ನುತ್ತಾರೆ, ನಮ್ಮ ಕಡೆ ಪರ್ಸಿ. ಬಾಡಿದ ನನ್ನ ಮುಖ ನೋಡಿ ಮಾವನವರು, “ಯಾಕವ್ವಾ ಹಿಂಗ ಕೂತೀದಿ? ನಿನಗಿಂತ ಮೊದಲ ನಿಮ್ಮೂರ ಕಲ್ಲು ಈ ಮನಿಗೆ ಬಂದು ನೆಲಿ ನಿಂತದ” ಎಂದಿದ್ದರು.

ಮಾವನವರು ಅಕ್ಕಲಕೋಟೆ ಕಡೆಯ ಕನ್ನಡಿಗರು, ಹವಾಮಾನ ಇಲಾಖೆಯಲ್ಲಿ ಗುಮಾಸ್ತರು. ಆ ಇಲಾಖೆಯ ಮುಖ್ಯ ಕಚೇರಿ 1928ರಲ್ಲಿ ಸಿಮ್ಲಾದಿಂದ ಪುಣೆಗೆ ಬಂದದ್ದರಿಂದ ಶಿವಾಜಿನಗರದ ಆ ಕಟ್ಟಡ ಇವತ್ತಿಗೂ ಜನರ ಬಾಯಲ್ಲಿ ‘ಸಿಮ್ಲಾ ಆಫೀಸ್’. ನೌಕರಿಯ ಮೊದಲ ವರ್ಷಗಳಲ್ಲಿ ಅವರು ನದಿಗೆ ಹತ್ತಿರದ, ಹಳೆಯ ಭಾಂಬುರ್ಡೆಯ ಒಂದು ಮಣ್ಣಿನ ಗೋಡೆಯ ಮನೆಯಲ್ಲಿ ಬಾಡಿಗೆಗಿದ್ದರು. ಶಿವಾಜಿನಗರಕ್ಕೆ ಮೊದಲಿದ್ದ ಹೆಸರು ಭಾಂಬುರ್ಡೆ. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು ಮುಠಾ ನದಿ ಊರೊಳಗೆ ನುಗ್ಗಿತು. ನೀರು ಇಳಿದ ಮೇಲೆ ಹೋಗಿ ನೋಡಿದರೆ ಗೋಡೆ ಕುಸಿದಿತ್ತು, ಕಟ್ಟಿಗೆಯ ಕಪಾಟು ಉಬ್ಬಿ ಬಿರಿದಿತ್ತು, ಕಾಗದಪತ್ರ ಮುದ್ದೆಯಾಗಿತ್ತು. ಕೆಸರು ಬಳಿದು ನೀರು ಸುರಿದರೆ ಪರ್ಸಿ ನೆಲ ಮಾತ್ರ ಇದ್ದ ಹಾಗೇ ಇತ್ತಂತೆ. ಮುಂದೆ ಸಹೋದ್ಯೋಗಿಗಳೆಲ್ಲ ಸೇರಿ ಸೊಸೈಟಿ ಮಾಡಿಕೊಂಡು ಮನೆ ಕಟ್ಟಿಸುವಾಗ ಹೆಚ್ಚಿನವರು ಆಗಿನ ಹೊಸ ರೂಢಿಯಂತೆ ಮೊಸಾಯಿಕ್ ಟೈಲ್ಸ್ ಬೇಕೆಂದರು. ಮಾವನವರು ನೆರೆಯ ನೆನಪಿಗೆ ಕಟ್ಟುಬಿದ್ದು ಪರ್ಸಿಯನ್ನೇ ಹಿಡಿದರು.

ಪುಣೆಯಲ್ಲಿ ಕಲ್ಲಿಗೇನು ಬರ? ಊರು ಕೂತಿರುವುದೇ ಬಂಡೆಯ ಮೇಲೆ. ನಮ್ಮ ಮನೆಯಿಂದ ನಡೆದು ಹೋಗುವ ದೂರದಲ್ಲಿ, ಜಂಗಲೀ ಮಹಾರಾಜ ರಸ್ತೆಯಲ್ಲಿ ಪಾತಾಳೇಶ್ವರ ಗುಡಿ ಇದೆ. ರಾಷ್ಟ್ರಕೂಟರ ಕಾಲದಲ್ಲಿ, 8ನೆಯ ಶತಮಾನದಲ್ಲಿ ಬಂಡೆಯನ್ನೇ ಕೊರೆದು ಮಾಡಿದ್ದು. ಹಾಗಿದ್ದೂ ಸುಮಾರು 400 ಕಿಲೋಮೀಟರ್ ಆಚೆಯಿಂದ ನೆಲಕ್ಕೆ ಕಲ್ಲು ತರಿಸುವುದು ಯಾಕೆ ಎಂದು ನನಗೆ ಬಹಳ ದಿನ ಅನಿಸಿತ್ತು. ಕಾರಣ ಕಲ್ಲಿನ ಹುಟ್ಟಿನಲ್ಲಿದೆ. ಪುಣೆಯದು ಲಾವಾ ಹೆಪ್ಪುಗಟ್ಟಿದ ಕರಿಕಲ್ಲು, ಬಸಾಲ್ಟ್. ಗೋಡೆಗೆ, ಕೋಟೆಗೆ, ಗುಡಿಗೆ ಅದರಷ್ಟು ಗಟ್ಟಿ ಇನ್ನೊಂದಿಲ್ಲ. ಆದರೆ ತೆಳ್ಳಗೆ ಸೀಳು ಅಂದರೆ ಸೀಳುವುದಿಲ್ಲ, ಉಳಿಯಲ್ಲಿ ಕಡಿದು ಕಡಿದೇ ಸಮ ಮಾಡಬೇಕು. ಕಲಬುರಗಿ ಜಿಲ್ಲೆಯ ಉತ್ತರ ಭಾಗದವರೆಗೂ ಈ ಲಾವಾದ್ದೇ ರಾಜ್ಯ. ದಕ್ಷಿಣಕ್ಕೆ ಸರಿದಂತೆ ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಅದಕ್ಕಿಂತ ಎಷ್ಟೋ ಪಟ್ಟು ಹಳೆಯದಾದ ಸುಣ್ಣಕಲ್ಲು ಹೊರಗೆ ಕಾಣುತ್ತದೆ. ಆಳವಿಲ್ಲದ ಕಡಲಿನ ತಳದಲ್ಲಿ ಸುಣ್ಣದ ಕೆಸರು ಪದರ ಪದರವಾಗಿ ಕೂತು ಗಟ್ಟಿಯಾದ ಕಲ್ಲು ಅದು. ಪದರ ಗುರುತಿಸಿ ಸರಿಯಾದ ಕಡೆ ಪೆಟ್ಟು ಹಾಕಿದರೆ ಒಂದು, ಒಂದೂವರೆ ಇಂಚು ದಪ್ಪದ ಹಾಸು ತಾನಾಗಿ ಬಿಟ್ಟುಕೊಳ್ಳುತ್ತದೆ.

ಇನ್ನು ಸಾಗಣೆಯ ಮಾತು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1858ರಲ್ಲಿ ಪುಣೆಗೆ, 1860ರಲ್ಲಿ ಸೊಲ್ಲಾಪುರಕ್ಕೆ, 1871ರಲ್ಲಿ ರಾಯಚೂರಿಗೆ ಮುಟ್ಟಿತು. ಶಹಾಬಾದ್ ಆ ಹಳಿಯ ಮೇಲೇ ಇದೆ. ಗಣಿಯ ಮಗ್ಗುಲಲ್ಲೇ ಸ್ಟೇಷನ್, ಸ್ಟೇಷನ್ನಿನಿಂದ ನೇರ ಪುಣೆ, ಮುಂಬಯಿ. ಭಾರದ ಸರಕಿಗೆ ಅದಕ್ಕಿಂತ ಅನುಕೂಲ ಬೇರೇನು ಬೇಕು? ನಿಜಾಮರ ಸೀಮೆಯ ಕಲ್ಲು ಹಾಗೆ ಪೇಶ್ವೆಯರ ಊರಿನ ಮನೆ, ಚಾಳು, ಓಣಿಗಳಿಗೆ ಹಾಸಾಯಿತು. ನನ್ನನ್ನು ಗಂಡನ ಮನೆಗೆ ತಂದ ಮದ್ರಾಸ್ ಮೇಲ್ ಓಡಿದ್ದೂ ಅದೇ ಹಳಿಯ ಮೇಲೆ.

ನಮ್ಮೂರಲ್ಲಿ ಈ ಕಲ್ಲು ಬರೀ ನೆಲಕ್ಕಲ್ಲ. ಗೋಡೆಗೂ ಅದೇ, ತೊಲೆಯ ಮೇಲೆ ಹಾಸಿದರೆ ಮಾಳಿಗೆಗೂ ಅದೇ, ಹೊಲದ ಬದುವಿಗೆ ನಿಲ್ಲಿಸಿದರೆ ಬೇಲಿಯೂ ಅದೇ. ಊರ ಹೊರಗಿನ ಗಣಿಯ ಗೋಡೆ ನೋಡಿದರೆ ಬುಟ್ಟಿಯಲ್ಲಿ ಒಂದರ ಮೇಲೊಂದು ಒಟ್ಟಿದ ಜೋಳದ ರೊಟ್ಟಿಯ ಹಾಗೆ ಪದರಗಳು ಕಾಣುತ್ತಿದ್ದವು. ಕೆಲಸಗಾರರು ಸಾಲಾಗಿ ಚಾಣ ಹೊಡೆದು, ಸೀಳಿನಲ್ಲಿ ಹಾರೆ ತೂರಿಸಿ, ಎಲ್ಲರೂ ಒಟ್ಟಿಗೆ ಉಸಿರು ಬಿಗಿಹಿಡಿದು ಮೀಟುತ್ತಿದ್ದರು. ಎದ್ದ ಹಾಸನ್ನು ಸುತ್ತಿಗೆಯ ಹಿಂಬದಿಯಿಂದ ತಟ್ಟಿ ಕಿವಿಗೊಡುವವನು ಒಬ್ಬನಿರುತ್ತಿದ್ದ. ಗಂಟೆಯ ದನಿ ಬಂದರೆ ಒಳ್ಳೆಯ ಮಾಲು. ದನಿ ಒಡೆದು ಮಂದವಾಗಿ ಬಂದರೆ ಒಳಗೆ ಸೀಳಿದೆ ಎಂದು ಬೇರೆ ಗುಡ್ಡೆಗೆ. ಮಳೆಗಾಲದಲ್ಲಿ ಗುಂಡಿಗಳು ತುಂಬಿ ಕೆಲಸ ನಿಲ್ಲುತ್ತಿತ್ತು. ಈಜಲು ಹೋದರೆ ಕಾಲು ಮುರಿಯುತ್ತೇನೆಂದು ಅಪ್ಪ ಶಾಲೆಯ ಹುಡುಗರಿಗೆ ವರ್ಷ ವರ್ಷ ಎಚ್ಚರಿಕೆ ಕೊಡುತ್ತಿದ್ದರು. ವೈಶಾಖದ ಬಿಸಿಲಲ್ಲಿ ಬೂದುಗಲ್ಲಿನ ಆ ಗುಂಡಿಗಳ ತಳದಲ್ಲಿ ನಿಲ್ಲಲಾಗುತ್ತಿರಲಿಲ್ಲ. ಕೂಲಿಯವರ ಹೆಂಗಸರು ಅಲ್ಲೇ, ಓರೆಯಾಗಿ ನಿಲ್ಲಿಸಿದ ಹಾಸಿನ ನೆರಳಲ್ಲಿ ಕೂಸುಗಳನ್ನು ಮಲಗಿಸುತ್ತಿದ್ದರು. ಮನೆಗೆ ಯಾವ ಕಲ್ಲು ಹಾಕಿಸಲಿ ಎಂದು ಯಾರಾದರೂ ಕೇಳಿದಾಗ ಬೆಲೆಯ ಮಾತು ಬರುವ ಮೊದಲು ಆ ಹೆಂಗಸರು ನನ್ನ ಕಣ್ಣಿಗೆ ಬರುತ್ತಾರೆ. ಅಷ್ಟು ಬೆವರು ಕುಡಿದು ಬಂದದ್ದನ್ನು ಹಗುರವಾಗಿ ಒಡೆದು ಎಸೆಯಲಾಗದು.

ಕಲ್ಲನ್ನು ಕೀಳುವುದು ಊರಲ್ಲಿ ನೋಡಿದ್ದೆ. ಸಾಕುವುದನ್ನು ಕಲಿಸಿದವರು ಅತ್ತೆ. ಅವರ ಮೊದಲ ಕಟ್ಟಳೆ: ಕಸ ಹೊಡೆಯದೆ ನೀರು ಹಚ್ಚಬಾರದು. ಇದರ ಹಿಂದಿನ ವಿಜ್ಞಾನ ನನಗೆ ತಿಳಿದದ್ದು ತಡವಾಗಿ. ಸುಣ್ಣಕಲ್ಲು ಮೆತ್ತನೆಯ ಜಾತಿ. ಬೀದಿಯಿಂದ ಬರುವ ಮರಳಿನ ಹರಳು ಅದಕ್ಕಿಂತ ಗಟ್ಟಿ. ಮರಳಿದ್ದ ನೆಲವನ್ನು ಒದ್ದೆ ಬಟ್ಟೆಯಿಂದ ತಿಕ್ಕಿದರೆ ಉಜ್ಜುಕಾಗದ ಆಡಿಸಿದ ಲೆಕ್ಕವೇ. ಎರಡನೆಯದು: ಬಟ್ಟೆ ಹಿಂಡಿ ಒರೆಸಬೇಕು, ನೀರು ನಿಲ್ಲಬಾರದು. ಮೂರನೆಯದು: ಸಾಬೂನಿನ ಪುಡಿ ಅಪರೂಪಕ್ಕೆ ಮಾತ್ರ. ಗಡಸು ನೀರಿನಲ್ಲಿ ಸಾಬೂನು ಹಾಕಿ ಒರೆಸುತ್ತಾ ಹೋದರೆ ಬಿಳಿಚು ಪೊರೆ ಕಟ್ಟಿ ಕಲ್ಲಿನ ಬಣ್ಣವೇ ಹೋಗುತ್ತದೆ. ಮನೆಗೆಲಸಕ್ಕೆ ಬರುತ್ತಿದ್ದ ಬಾಯಿಗೆ ಅತ್ತೆ ಇದನ್ನೆಲ್ಲ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಹೇಳಿ ಪಳಗಿಸಿದ್ದರು. ಹೊಸ ಸೊಸೆ ತಪ್ಪಿದರೆ ತಿದ್ದುತ್ತಿದ್ದವಳು ಆ ಬಾಯಿಯೇ.

ಎಣ್ಣೆ ಚೆಲ್ಲಿದರೆ ಉಜ್ಜುವ ಹಾಗಿಲ್ಲ. ಉಜ್ಜಿದಷ್ಟೂ ಕಲೆ ಒಳಗಿಳಿಯುತ್ತದೆ. ಕೂಡಲೆ ಒತ್ತಿ ಒರೆಸಿ, ಮೇಲೆ ಕಡಲೆ ಹಿಟ್ಟನ್ನು ದಪ್ಪಗೆ ಹರವಿ ರಾತ್ರಿಯೆಲ್ಲ ಬಿಟ್ಟರೆ ಬೆಳಗ್ಗೆ ಹಿಟ್ಟು ಎಣ್ಣೆ ಕುಡಿದಿರುತ್ತಿತ್ತು. ಅರಿಸಿನದ ಕಲೆಗೆ ಬಿಸಿಲೇ ಮದ್ದು. ಕಿಟಕಿಯ ಬಿಸಿಲು ಬೀಳುವ ಜಾಗವಾದರೆ ಕೆಲವೇ ದಿನಗಳಲ್ಲಿ ಮಾಸುತ್ತಿತ್ತು. ಕುಂಕುಮಕ್ಕೆ ಅಂಥ ಮದ್ದಿಲ್ಲ. ದೇವರ ಮುಂದಿನ ಹಾಸು ಕೊನೆಯವರೆಗೂ ತುಸು ಕೆಂಪಾಗಿಯೇ ಇತ್ತು, ಯಾರೂ ಬೇಜಾರು ಪಟ್ಟುಕೊಳ್ಳಲಿಲ್ಲ.

ಆದರೆ ಹುಳಿಯ ವಿಷಯದಲ್ಲಿ ಅತ್ತೆಯ ಬಳಿ ಕ್ಷಮೆಯಿರಲಿಲ್ಲ. ನಿಂಬೆ ಹಿಂಡುವುದು, ಹುಣಸೆ ಕಿವುಚುವುದು, ಮಜ್ಜಿಗೆ ಕಡೆಯುವುದು ಏನೇ ಆದರೂ ಕೆಳಗೆ ತಾಟು ಇರಲೇಬೇಕು. “ಹುಳಿ ಬಿತ್ತಂದ್ರ ಕಲ್ಲಿನ ಮಾರಿ ಹೋಯ್ತು” ಎಂಬುದು ಅವರ ಮಾತು. ಸುಣ್ಣಕಲ್ಲು ಆಮ್ಲವನ್ನು ಮುಟ್ಟಿದರೆ ನೊರೆಬಿಟ್ಟು ಕರಗುತ್ತದೆ. ನಿಂಬೆ ಬಿದ್ದ ಜಾಗ ಹೊಳಪು ಕಳೆದುಕೊಂಡು ಬಟ್ಟಲಿನ ಆಕಾರದ ಮಚ್ಚೆಯಾಗುತ್ತದೆ. ಪುಣೆಯ ಅಡುಗೆಮನೆಗಳ ಕಟ್ಟೆಗೆ ಹಾಕುವ ಕಪ್ಪು ಕಡಪಾ ಕಲ್ಲೂ ಇದೇ ಸುಣ್ಣದ ಕುಲ, ರಾಜಸ್ಥಾನದ ಕೋಟಾ ಕಲ್ಲೂ ಹಾಗೇ. ಒಂದಕ್ಕೆ ಆಗದ್ದು ಮೂರಕ್ಕೂ ಆಗದು. ಒಮ್ಮೆ ಗಣಪತಿ ಹಬ್ಬದ ಮುಂಚೆ ನಮ್ಮ ಮೇಲಿನ ಮನೆಯವರು ನೆಲ ತೊಳೆಸಲು ಯಾರನ್ನೋ ಕರೆಸಿದರು. ಅವನು ಪಾಯಖಾನೆಗೆ ಹಾಕುವ ಆಸಿಡ್ಡನ್ನೇ ಬಕೆಟ್ಟಿಗೆ ಸುರಿದುಕೊಂಡು ಪಡಸಾಲೆಯೆಲ್ಲ ಹರಡಿಬಿಟ್ಟ. ಬುಸುಬುಸು ನೊರೆ ಎದ್ದದ್ದನ್ನು ಕೊಳೆ ಹೋಗುತ್ತಿದೆ ಎಂದುಕೊಂಡು ಎಲ್ಲರೂ ಮೆಚ್ಚಿಕೊಂಡರಂತೆ. ಒಣಗಿದ ಮೇಲೆ ನೋಡಿದರೆ ನೆಲ ಬೂದಿ ಬಳಿದಂತೆ, ಅಂಗಾಲಿಗೆ ತರಿತರಿ.

ಅದನ್ನು ಸರಿಮಾಡಲು ಬಂದ ಗೌಂಡಿ ನಮ್ಮ ಚಿತ್ತಾಪುರದ ಕಡೆಯವನು. ಪುಣೆಯ ಕಟ್ಟಡಗಳಲ್ಲಿ ದುಡಿಯುವವರಲ್ಲಿ ಕಲಬುರಗಿ, ವಿಜಯಪುರ, ಯಾದಗಿರಿಯವರಿಗೇನೂ ಕಡಿಮೆಯಿಲ್ಲ. ಮೆಟ್ಟಿಲ ಬಳಿ ನನ್ನ ಕನ್ನಡ ಕೇಳಿ ನಿಂತ.

“ಯಾವೂರ್ರಿ ಅವ್ವಾರ?”

“ಶಹಾಬಾದ್.”

“ಹಂಗಂದ್ರ ನೀವೂ ನಮ್ಮ ಮಾಲೇ ಅಂದಂಗಾಯ್ತು” ಎಂದು ನಕ್ಕ.

ಮೇಲಿನ ಮನೆಯವರು ಎಲ್ಲ ಕಿತ್ತು ಹೊಸ ಟೈಲ್ಸ್ ಹಾಕಿಸುವ ಲೆಕ್ಕದಲ್ಲಿದ್ದರು. ಅವನು ಕೇಳಲಿಲ್ಲ. “ಕೀಳೂದು ಎಲ್ಲಿ ಹೋಗ್ತದ್ರಿ, ಮೊದಲ ಒಂದ್ ಮೂಲಿ ತಿಕ್ಕಿ ತೋರಸ್ತೀನಿ” ಎಂದು ಮಶಿನ್ ತಂದ. ನೀರು ಬಿಡುತ್ತಾ ಮೊದಲು ಒರಟು ಕಾರ್ಬೊರಂಡಮ್ ಕಲ್ಲು, ಆಮೇಲೆ ಅದಕ್ಕಿಂತ ನಯ, ಅದಕ್ಕಿಂತಲೂ ನಯ. ಕೆಸರು ಬಳಿದು ಸಂದುಗಳಿಗೆ ಸಿಮೆಂಟು ತುಂಬಿ, ಅದು ಗಟ್ಟಿಯಾಗಲು ಬಿಟ್ಟು ಮತ್ತೊಮ್ಮೆ ತಿಕ್ಕಿದ. ಕೊನೆಗೆ ಆಕ್ಸಾಲಿಕ್ ಪುಡಿ ಹಾಕಿ ಮೆತ್ತನೆಯ ಪ್ಯಾಡಿನಿಂದ ಉಜ್ಜಿದ. ಆ ಪುಡಿಯೂ ಆಮ್ಲವೇ. ಆದರೆ ಹದವರಿತು ಬಳಸಿದರೆ ಸುಣ್ಣದೊಂದಿಗೆ ಕೂಡಿ ಮೇಲೆ ತೆಳುವಾದ ಗಟ್ಟಿ ಪದರ ಕಟ್ಟುತ್ತದೆ, ಹೊಳಪು ಅದರಿಂದ. ಆ ಮೂಲೆಯಲ್ಲಿ ನೀಲಿ ಬೆರೆತ ಬೂದು ಬಣ್ಣ, ನಡುನಡುವೆ ಹಸಿರಿನ ಎಳೆ ಎದ್ದು ಬಂತು. ಮೇಲಿನ ಮನೆಯವರು ಕೀಳಿಸುವ ಮಾತು ಬಿಟ್ಟರು. ಮಾವನವರೂ ಅವನನ್ನೇ ಕರೆದು ನಮ್ಮ ಪಡಸಾಲೆಯನ್ನು ತಿಕ್ಕಿಸಿದರು. ಒಂದೂವರೆ ಇಂಚಿನ ಕಲ್ಲು ಇಂಥ ತಿಕ್ಕಾಟವನ್ನು ಎಷ್ಟೋ ಸಲ ತಡೆಯುತ್ತದೆ. ಮೇಲ್ಮೈಯ ಬಣ್ಣವನ್ನೇ ನಂಬಿದ ಟೈಲ್ಸಿಗೆ ಆ ಭಾಗ್ಯವಿಲ್ಲ.

ನೆಲವನ್ನು ನಾನೇ ನಿಂತು ಆರಿಸುವ ಸರದಿ ಬಂದದ್ದು 1990ರ ದಶಕದಲ್ಲಿ, ಮುಂದಿನ ಗ್ಯಾಲರಿ ಸೋರಿ ಅಲ್ಲಿಯ ನೆಲ ಎಬ್ಬಿಸಬೇಕಾದಾಗ. ಮಳೆಯ ಇರಿಚಲು ಬೀಳುವ ಜಾಗ, ತುಳಸಿಯ ಕುಂಡಗಳ ಜಾಗ. ಪಾಲಿಶ್ ಕಲ್ಲು ಹಾಕಿದರೆ ಜಾರುವುದು ಖಂಡಿತ. ಆಗ ಮೆರುಗು ಹಚ್ಚದ, ಕೆಂಪಗೆ ಸುಟ್ಟ ಮಣ್ಣಿನ ಚೌಕ ಟೈಲ್ಸ್ ಹಾಕಿಸಿದೆವು. ಇದೂ ನಮ್ಮ ನಾಡಿನ ಕಸುಬೇ. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನದಿ ದಂಡೆಯ ಜೇಡಿಮಣ್ಣಿನ ಹಂಚು ದೇಶಾಂತರ ಹೋಯಿತು. ಮಾಡಿನ ಹಂಚಿನ ಜೊತೆಗೆ ನೆಲದ ಬಿಲ್ಲೆಗಳನ್ನೂ ಕರಾವಳಿಯ ಕಾರ್ಖಾನೆಗಳು ಸುಟ್ಟವು.

ಅಂಗಡಿಯಲ್ಲಿ ನನಗೆ ಗಣಿಯ ಕಿವಿ ಒದಗಿತು. ಬಿಲ್ಲೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದೆ: ಠಣ್ ಅಂದದ್ದು ಹದವಾಗಿ ಸುಟ್ಟದ್ದು, ಬೊದ್ದು ದನಿಯದು ಅರೆಬೆಂದದ್ದು. ಎರಡು ಬಿಲ್ಲೆಗಳನ್ನು ಮುಖಕ್ಕೆ ಮುಖ ಇಟ್ಟು ನಡುವೆ ಬೆಳಕು ಕಾಣುತ್ತದೆಯೇ ನೋಡಿದೆ. ಕಂಡರೆ ಒಲೆಯಲ್ಲಿ ಸೊಟ್ಟಗಾಗಿದೆ ಎಂದು ಅರ್ಥ. ಬೆನ್ನಿಗೆ ಒಂದು ಹನಿ ನೀರು ಬಿಟ್ಟು ಎಷ್ಟು ಬೇಗ ಕುಡಿಯುತ್ತದೆಂದು ನೋಡಿದೆ. ತಟ್ಟನೆ ಹೀರಿದರೆ ಮುಂದೆ ಎಣ್ಣೆ, ಚಹಾ ಎಲ್ಲವನ್ನೂ ಹಾಗೇ ಹೀರುತ್ತದೆ. ಅಂಗಡಿಯವನು ಬೇಸರದಿಂದ ನನ್ನ ಗಂಡನ ಮುಖ ನೋಡುತ್ತಿದ್ದ. ಇವರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

ಹಾಸುವಾಗ ಗೌಂಡಿ ಬಿಲ್ಲೆಗಳನ್ನು ನೀರಲ್ಲಿ ನೆನೆಹಾಕಿದ. ಒಣ ಬಿಲ್ಲೆ ಗಾರೆಯ ನೀರನ್ನೆಲ್ಲ ಹೀರಿ ಹಿಡಿತ ಕೆಡಿಸುತ್ತದೆ. ಸುಟ್ಟ ಮಣ್ಣು ಒಂದೇ ಅಳತೆಗೆ ಬರುವುದಿಲ್ಲವಾದ್ದರಿಂದ ಸಂದು ತುಸು ಅಗಲವೇ ಇಟ್ಟ. ಮೇಲೆ ಬಿದ್ದ ಸಿಮೆಂಟನ್ನು ಒಣಗಲು ಬಿಡದೆ ಒರೆಸಿದ. ಮೊದಲ ತಿಂಗಳುಗಳಲ್ಲಿ ಬಿಳಿ ಉಪ್ಪು ಅರಳಿತು. ಕೆಳಗಿನ ಸಿಮೆಂಟಿನ ಉಪ್ಪು ತೇವದ ಜೊತೆ ಮೇಲೆದ್ದು ಬರುವುದು ಹೊಸ ನೆಲದ ಸ್ವಭಾವ. ನೀರು ಸುರಿದಷ್ಟೂ ಅದು ಹೆಚ್ಚುತ್ತದೆ. ಒಣ ಬ್ರಶ್ಶಿನಿಂದ ಉಜ್ಜಿ ತೆಗೆಯುತ್ತಿದ್ದರೆ ತಾನೇ ನಿಲ್ಲುತ್ತದೆ. ಹಟಮಾರಿ ಕಲೆಗೆ ನೀರು ಬೆರೆಸಿದ ವಿನೆಗರ್ ಹಚ್ಚಿ ತೊಳೆಯಬಹುದು. ಮಣ್ಣಿನ ಬಿಲ್ಲೆಗೆ ಮದ್ದಾದ ಅದೇ ವಿನೆಗರ್ ಹೊಸ್ತಿಲು ದಾಟಿದರೆ ಒಳಗಿನ ಪರ್ಸಿಗೆ ವಿಷ. ಹಾಗಾಗಿ ಎರಡಕ್ಕೂ ಬೇರೆ ಬಕೆಟ್, ಬೇರೆ ಬಟ್ಟೆ ಇಟ್ಟೆ. ನೆಲ ಪೂರಾ ಒಣಗಿದ ಮೇಲೆ ಅಗಸೆ ಎಣ್ಣೆಯನ್ನು ತೆಳ್ಳಗೆ ಹಚ್ಚಿ, ಕುಡಿಯದೆ ಉಳಿದದ್ದನ್ನು ಒರೆಸಿ ತೆಗೆದೆವು. ಉಳಿಸಿದರೆ ಅಂಟಾಗಿ ಧೂಳು ಹಿಡಿಯುತ್ತದೆ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು: ಅಗಸೆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಒಣಗುವಾಗ ಆ ಎಣ್ಣೆ ಕಾವು ಹುಟ್ಟಿಸುತ್ತದೆ, ಮುದ್ದೆಯಾದ ಬಟ್ಟೆಗೆ ತಾನಾಗಿ ಬೆಂಕಿ ಹತ್ತುವುದುಂಟು. ಬಿಡಿಸಿ ಬಯಲಲ್ಲಿ ಹರವಿ ಒಣಗಿಸಬೇಕು.

ತವರಿನ ಕಲ್ಲೆಂದು ಅದರ ಕುಂದು ಮುಚ್ಚಿಡಲಾರೆ. ಪರ್ಸಿಯದು ಬೂದು ಬಣ್ಣ. ಕಿಟಕಿ ಚಿಕ್ಕದಿದ್ದರೆ ಕೋಣೆ ಹಗಲಲ್ಲೇ ಮಂಕಾಗುತ್ತದೆ. ಬೇಸಿಗೆಯಲ್ಲಿ ಅಂಗಾಲಿಗೆ ತಂಪು ಕೊಟ್ಟದ್ದೇ ಡಿಸೆಂಬರಿನಲ್ಲಿ ಮೊಣಕಾಲಿಗೆ ಶತ್ರು. ಅತ್ತೆ ಕೊನೆಗಾಲದಲ್ಲಿ ಸತರಂಜಿಯಿಲ್ಲದೆ ಕಾಲಿಡುತ್ತಿರಲಿಲ್ಲ. ಕೆಳಗಿನಿಂದ ತೇವ ಏರುವ ಜಾಗದಲ್ಲಿ ಹಾಕಿದರೆ ಉಪ್ಪು ಪದರದೊಳಗೆ ಹೊಕ್ಕು ಚಕ್ಕೆ ಚಕ್ಕೆಯಾಗಿ ಏಳುತ್ತದೆ. ನಮ್ಮ ಬಚ್ಚಲಲ್ಲಿ ಆದದ್ದೇ ಅದು. ಕೊಳ್ಳುವಾಗ ಅಂಚನ್ನು ಒದ್ದೆ ಮಾಡಿ ನೋಡಿದರೆ ಒಳಗಿನ ಸೀಳು ಕೂದಲೆಳೆಯಂತೆ ಕಾಣುತ್ತದೆ. ಅಂಥದ್ದನ್ನು ಬಿಟ್ಟುಬಿಡಬೇಕು. ದಪ್ಪ ಕಲ್ಲು, ಅದರ ಕೆಳಗೆ ಗಾರೆ ಸೇರಿ ನೆಲ ಎತ್ತರವಾಗುತ್ತದೆ, ಭಾರವೂ ಹೆಚ್ಚು. ಹಳೆಯ ಕಟ್ಟಡದ ಮೇಲಂತಸ್ತಿನಲ್ಲಿ ಇಂಜಿನಿಯರನ್ನು ಕೇಳದೆ ಹಾಕಿಸುವುದು ಬೇಡ.

ಈಗ ಶಿವಾಜಿನಗರ, ಮಾಡೆಲ್ ಕಾಲನಿಯ ಕಡೆ ಹೋದರೆ ಹಳೆಯ ಸೊಸೈಟಿಗಳ ಸುತ್ತ ತಗಡಿನ ಬೇಲಿ. ಕೆಡವಿ ಎತ್ತರ ಕಟ್ಟುವ ಕಾಲ. ನಮ್ಮ ಸೊಸೈಟಿಯೂ ಆ ದಾರಿ ಹಿಡಿಯಿತು. ಲಿಫ್ಟಿಲ್ಲದ ಮನೆಯಲ್ಲಿ ಮುದುಕರೇ ತುಂಬಿದ್ದಾಗ ಬೇಡವೆನ್ನಲು ನನಗೆ ಬಾಯಿರಲಿಲ್ಲ. ಬಿಲ್ಡರ್ ಕೊಟ್ಟ ಪಟ್ಟಿಯಲ್ಲಿ ನೆಲಕ್ಕೆ ವಿಟ್ರಿಫೈಡ್ ಟೈಲ್ಸ್ ಎಂದಿತ್ತು. ಅದನ್ನು ನಾನು ಹಳಿಯುವುದಿಲ್ಲ. ಎಣ್ಣೆ ಹೀರದು, ಹುಳಿಗೆ ಹೆದರದು, ಒರೆಸುವವರ ಸೊಂಟಕ್ಕೆ ಹಗುರ. ಒಡೆದ ಒಂದನ್ನು ಬದಲಿಸಲು ಹೋದಾಗ ಅದೇ ಬಣ್ಣದ್ದು ಅಂಗಡಿಯಲ್ಲಿ ಸಿಗದೇ ಇರುವುದೊಂದೇ ತೊಡಕು. ಅದಕ್ಕೆ ಮೊದಲೇ ಒಂದು ಪೆಟ್ಟಿಗೆ ಹೆಚ್ಚಿಗೆ ತೆಗೆದಿಟ್ಟುಕೊಳ್ಳಬೇಕು. ನಮ್ಮ ಹಳೆಯ ಪರ್ಸಿಗಳನ್ನು ಮಾತ್ರ ಸುತ್ತಿಗೆಯವರ ಕೈಗೆ ಬಿಡದೆ, ಸಂದಿಗೆ ಹಾರೆ ಹಾಕಿ ಜೋಪಾನವಾಗಿ ಎಬ್ಬಿಸುವ ಗೌಂಡಿಗಳನ್ನು ಗೊತ್ತುಮಾಡಿದೆ. ಬಚ್ಚಲಿನವು ಉಳಿಯಲಿಲ್ಲ. ಉಳಿದವುಗಳಲ್ಲಿ ಹೆಚ್ಚಿನವು ಇಡಿಯಾಗಿ ಎದ್ದವು, ಮುಳಶಿಯ ಕಡೆ ತೋಟದ ಮನೆ ಕಟ್ಟಿಸುತ್ತಿದ್ದವರೊಬ್ಬರು ಲಾರಿ ತಂದು ಒಯ್ದರು. ಅವುಗಳ ಬೆನ್ನಿನ ಬದಿ ಗಣಿಯಿಂದ ಎದ್ದ ಹಾಗೇ ಒರಟಾಗಿತ್ತು. ತಿರುಗಿಸಿ ಅಂಗಳಕ್ಕೆ ಹಾಸಿದರೆ ಜಾರುವುದೂ ಇಲ್ಲ ಎಂದು ಅವರಿಗೆ ಹೇಳಿ ಕಳಿಸಿದೆ.

ಮನೆ ಕಟ್ಟಿಸುವ, ದುರಸ್ತಿ ಮಾಡಿಸುವ ಹುಡುಗ ಹುಡುಗಿಯರು ಈಗಲೂ ನನ್ನನ್ನು ಯಾವ ನೆಲ ಒಳ್ಳೆಯದೆಂದು ಕೇಳುತ್ತಾರೆ. ನಾನು ತಿರುಗಿ ಕೇಳುವುದು: ಒರೆಸುವವರು ಯಾರು, ಯಾವುದರಿಂದ ಒರೆಸುತ್ತಾರೆ, ನೀರು ಎಲ್ಲಿ ಬೀಳುತ್ತದೆ, ಮನೆಯಲ್ಲಿ ಮುದುಕರಿದ್ದಾರೆಯೇ? ಉತ್ತರ ಅಲ್ಲೇ ಸಿಗುತ್ತದೆ. ಅಂಗಡಿಯ ದೀಪದಲ್ಲಿ ಎಲ್ಲ ನೆಲವೂ ಚಂದವೇ. ಹಳೆಯ ಕಲ್ಲಿನ ನೆಲ ಇರುವವರಿಗೆ ಮಾತ್ರ ಒಂದು ವಿನಂತಿ: ಕೀಳಿಸುವ ಮೊದಲು ಬಾಗಿಲ ಮರೆಯ ಒಂದು ಮೂಲೆಯನ್ನು ತಿಕ್ಕಿಸಿ ನೋಡಿ. ಅದಕ್ಕೆ ಗೌಂಡಿಯ ಒಂದು ದಿನದ ಕೂಲಿ ಸಾಕು. ಆಸಿಡ್ ಡಬ್ಬಿಯನ್ನು ಪಾಯಖಾನೆಯಿಂದ ಈಚೆಗೆ ತರಬೇಡಿ.